ಬಲಗಡೆ ಅರ್ಧ ಇಂಚು

ರಾತ್ರಿ ಎರಡರ ಸುಮಾರಿಗೆ ಕೆಳಗಿನ ಗ್ಯಾರೇಜಿನಿಂದ ಟಿಣ್ ಅಂತ ಒಂದೇ ಒಂದು ಸದ್ದು ಬಂತು. ಚಮಚ ಕೈಜಾರಿ ಬಸಿಯ ಅಂಚಿಗೆ ತಗುಲಿದಷ್ಟು ಸಣ್ಣದು. ನಾನು ಎದ್ದು ಕೂತೆ.

"ಆರ್ವೋ, ಕೇಳಿಸ್ತಾ?"

"ಚಳಿಗೆ ಮನೆ ಮೈಮುರೀತಿದೆ. ಮಲಗು," ಎಂದು ನನ್ನ ಗಂಡ ಮಗ್ಗುಲು ಬದಲಿಸಿದ.

ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಒಲೆ, ನೀರಿನ ಪೈಪು, ಹೊಗೆಕೊಳವೆ ಎಂದು ಒಂದೊಂದನ್ನೇ ಮನಸ್ಸಿನಲ್ಲಿ ತಪಾಸಣೆ ಮಾಡುತ್ತ ಬೆಳಗು ಮಾಡಿದೆ. ಟಾರ್ಚ್ ಹಿಡಿದು ಕೆಳಗಿಳಿದು ನೋಡಿದರೆ, ಅತ್ತೆಯ ಹಳೆಯ ವ್ಯಾಲಿಯಂಟ್ ವ್ಯಾಗನ್ ಕಾರಿನ ಭಾರ ಹೊರುವ, ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗು, ಅಂದರೆ ಹಿಂದಿನ ಬಲಗಡೆ ಕಮಾನಿನಲ್ಲಿ ಮೂರನೆಯ ಪಟ್ಟಿ ಎರಡು ತುಂಡಾಗಿತ್ತು. ಸುತ್ತ ಎಲ್ಲ ತುಕ್ಕು. ಮುರಿದ ಜಾಗ ಮಾತ್ರ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ನಿಂತ ಗಾಡಿಯ ಕಮಾನು ತಾನಾಗಿ ಮುರಿಯುತ್ತದೆಯೇ ಎಂದು ಕೇಳಬಹುದು. ವರ್ಷಗಟ್ಟಲೆ ದಣಿದ ಉಕ್ಕಿಗೆ ಚಳಿಯ ಒಂದು ರಾತ್ರಿ ಸಾಕು.

"ಮನೇಲಿ ಮುರೀತಲ್ಲ, ಪುಣ್ಯ," ಎಂದರು ಅತ್ತೆ, ಊರುಗೋಲನ್ನು ಗೋಡೆಗೆ ಒರಗಿಸಿ. "ಶನಿವಾರಕ್ಕೆ ಇನ್ನೂ ಹನ್ನೊಂದು ದಿನ ಇದೆ. ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ, ಹುಡುಗಿ? ಗಾಡಿ ಮುರಿದಿರೋದು, ನಿನ್ನ ಸೊಂಟ ಅಲ್ಲ."

ಸೊಂಟ ಮುರಿದಂತಿದ್ದುದು ಅವರದು. ನವೆಂಬರ್ ನಾಲ್ಕಕ್ಕೆ ಬಲಗಡೆ ಸೊಂಟದ ಕೀಲು ಬದಲಿಸುವುದೆಂದು ನಿಗದಿಯಾಗಿತ್ತು.

ಅತ್ತೆ, ಆಯ್ಲಿ ಕಂಗಾಸ್, ಹದಿನೇಳು ವರ್ಷ ಇದೇ ಗಾಡಿಯಲ್ಲಿ ಹಳ್ಳಿಗಳಿಗೆ ಅಂಚೆ ಹಂಚಿದವರು. ಇಲ್ಲಿ ಗಾಡಿಗಳ ಸ್ಟೀರಿಂಗು, ಪೆಡಲ್ ಎಡಗಡೆ; ಆದರೂ ಹಳ್ಳಿ ದಾರಿಯ ಅಂಚೆಯವರು ಸ್ವಂತ ಗಾಡಿಯ ಬೆಂಚಿನಂಥ ಉದ್ದ ಸೀಟಿನಲ್ಲಿ ಬಲಗಡೆ ಕೂತು ಓಡಿಸುತ್ತಾರೆ. ಎಡಗಾಲು ಉದ್ದಕ್ಕೆ ಚಾಚಿ ಪೆಡಲ್ ಮೇಲೆ, ಎಡಗೈ ಸ್ಟೀರಿಂಗ್ ಮೇಲೆ. ಬಲಗೈ ಕಿಟಕಿಯಿಂದಾಚೆ, ಮನೆಮನೆಯವರು ರಸ್ತೆಯ ಬಲಬದಿಯಲ್ಲಿ ನೆಟ್ಟ ಅಂಚೆ ಡಬ್ಬಿಗಳಿಗೆ ಎಟಕುವಂತೆ. ಕೆಲಸ ಬಿಟ್ಟು ಹದಿನಾಲ್ಕು ವರ್ಷವಾದರೂ ಪ್ರತಿ ಅಕ್ಟೋಬರಿನಲ್ಲಿ, ಹಿಮ ಬೀಳುವ ಮುಂಚೆ, ಒಂದು ಶನಿವಾರ ತಮ್ಮ ಹಳೆಯ ದಾರಿಯನ್ನು ಹಾಗೇ ಕೂತು ಸುತ್ತಿಬರುತ್ತಿದ್ದರು. ಡಬ್ಬಿಯೊಳಗೆ ಏನೂ ಇಡುತ್ತಿರಲಿಲ್ಲ. ಅಂಚೆ ಡಬ್ಬಿಯೊಳಗೆ ಅಂಚೆಯಲ್ಲದ್ದನ್ನು ಇಡುವುದು ಅವರ ಪಾಲಿಗೆ ಮಹಾಪಾಪ. ಬರೀ ಒಂದೊಂದರ ನೆತ್ತಿ ತಟ್ಟಿ ಮುಂದೆ ಹೋಗುವುದು, ಅಷ್ಟೆ.

ಆಪರೇಷನ್ ಆದ ಮೇಲೆ ಹಾಗೆ ಕಾಲು ಅಗಲಿಸಿ ಕೂರಲೇಬಾರದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅಂದರೆ ಈ ಸಲದ್ದೇ ಕೊನೆಯ ಸುತ್ತು.

ಆರ್ವೋಗೆ ಇದು ಗೊತ್ತಿತ್ತು. ಆದರೆ ಅವನು ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸುವವನು. ರಸ್ತೆಯ ಮೇಲೆ ಏನೇನಾಗುತ್ತದೆಂದು ಕಂಡವನು.

"ಹೋಗು ಐತಿ, ಬೇಡ ಅನ್ನಲ್ಲ," ಎಂದ. ಇಲ್ಲಿಯವರು ಅಮ್ಮನನ್ನು ಐತಿ ಎನ್ನುತ್ತಾರೆ. ಮದುವೆಯಾದಂದಿನಿಂದ ನಾನೂ ಹಾಗೇ ಕರೆಯುತ್ತೇನೆ. "ಆದ್ರೆ ಎಲ್ಲರ ಹಾಗೆ ಎಡಗಡೆ ಕೂತು ಓಡಿಸು."

"ಎಡಗಡೆ ಕೂತ್ರೆ ಡಬ್ಬಿ ತಟ್ಟೋರು ಯಾರು, ನಿಮ್ಮಪ್ಪನ ದೆವ್ವವಾ?"

"ಬಲಗಡೆ ಮೆರಿನ್ ಕೂರ್ತಾಳೆ. ಅವಳು ತಟ್ಟಲಿ," ಎಂದು ನನ್ನ ಕಡೆ ತೋರಿಸಿದ.

ಆಮೇಲೆ ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದ: "ನೀನು ಆ ಸೀಟು ಬಿಟ್ಟು ಅಲ್ಲಾಡಬೇಡ. ಮಾತು ಕೊಡು."

ಕೊಟ್ಟೆ. ನಿಜ ಹೇಳಬೇಕೆಂದರೆ, ಹಗುರವಾಗಿಯೇ ಕೊಟ್ಟೆ. ಹತ್ತೊಂಬತ್ತು ವರ್ಷ ಅವರು ಬಲಗಡೆ ಕೂತು ಹೊರಡುವುದನ್ನು ನೋಡುವಾಗೆಲ್ಲ, ಗಾಡಿ ತಿರುವು ದಾಟುವವರೆಗೂ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಕಮಾನು ಬಿಚ್ಚುವ ಕೆಲಸಕ್ಕೆ ಅತ್ತೆಯ ಬಾಯಿ, ನನ್ನ ಕೈ. ಅವರು ಮುಕ್ಕಾಲಿಯ ಮೇಲೆ ದಿಂಬು ಹಾಕಿ ಕೂತರು. ನಾನು ಜಾಕ್ ಎತ್ತಿ, ಕಬ್ಬಿಣದ ಕಾಲುಗಳನ್ನು ನಿಲ್ಲಿಸಿ, ಅವು ಸರಿದಾವೆಂದು ಪಕ್ಕದಲ್ಲಿ ಮರದ ದಿಮ್ಮಿಗಳನ್ನಿಟ್ಟೆ. ಮತ್ತೆ ಎದ್ದು ಹೋಗಿ ಇನ್ನೆರಡು ದಿಮ್ಮಿ ತಂದೆ.

"ಚರ್ಚು ಕಟ್ತಿದ್ದೀಯಾ?" ಎಂದರು ಅತ್ತೆ.

ತುಕ್ಕು ಹಿಡಿದ ಬೋಲ್ಟುಗಳು ಮೂರು ದಿನ ಎಣ್ಣೆ ಕುಡಿದ ಮೇಲೆ ಸಡಿಲಾದವು. ಕಮಾನುಗಳನ್ನು ಹೊರಗೆಳೆದು, ನಡುವಿನ ಬೋಲ್ಟ್ ಬಿಚ್ಚಿ, ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಹಾಸಿದೆ. ಒಂದೊಂದು ಪಟ್ಟಿಯ ತುದಿಯೂ ತನ್ನ ಮೇಲಿನ ಪಟ್ಟಿಯನ್ನು ಕೊರೆದು ಉಗುರು ಹೊಕ್ಕುವಷ್ಟು ಹಳ್ಳ ಮಾಡಿತ್ತು. ತಂತಿ ಬ್ರಷ್ಷಿನಿಂದ ಉಜ್ಜಿದೆ, ಅಂಚುಗಳನ್ನು ಅರದಿಂದ ನುಣುಪು ಮಾಡಿದೆ. ಆ ನಾಲ್ಕು ಮಧ್ಯಾಹ್ನ ನಾನು ಯಾವುದಕ್ಕೂ ಗಾಬರಿಯಾಗಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಕೆಲಸ ಕಣ್ಣ ಮುಂದೆಯೇ ಇತ್ತು. ಉಜ್ಜಿದಷ್ಟೂ ಉಕ್ಕು ಕಾಣುತ್ತಿತ್ತು. ಅತ್ತೆ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತ, ಯಾವ ಮನೆಯ ನಾಯಿ ಯಾವ ವರ್ಷ ಅವರ ಯಾವ ಬೆರಳು ಕಚ್ಚಿತೆಂದು ಹೇಳುತ್ತಿದ್ದರು.

ಕಮಾನು ಬಗ್ಗಿಸುವವನು ಸುಲೋ. ಅವನ ಕಮ್ಮಾರಸಾಲೆಗೆ ಹೋದ ದಿನ ಅತ್ತೆ ಪಿಕಪ್ಪಿನಲ್ಲೇ ಉಳಿದರು. ನಾನು ಇಳಿಯುವಾಗ ತೋಳು ಹಿಡಿದು, "ಬಲಗಡೆ ಅರ್ಧ ಇಂಚು ಎತ್ತರ ಮಾಡು ಅಂತ ಹೇಳು," ಎಂದರು. ನನ್ನ ಜೇಬಿನಲ್ಲಿ ಆರ್ವೋ ಬರೆದುಕೊಟ್ಟ ಚೀಟಿಯಿತ್ತು: ಎರಡೂ ಒಂದೇ ಎತ್ತರ.

ಸುಲೋ ಎರಡು ಕಮಾನುಗಳನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟು ನೋಡಿದ.

"ಊರ ಗಾಡಿಗಳದ್ದೆಲ್ಲ ಎಡಗಡೆ ಕಮಾನು ಕುಸಿಯುತ್ತೆ. ಇದರದ್ದು ಬಲಗಡೆ, ಒಂದೂಕಾಲು ಇಂಚು. ಆಯ್ಲಿ ಕೂತಿದ್ದು ಅಲ್ಲೇ, ಬಲಗಡೆ ಚಕ್ರ ಹಳ್ಳಕ್ಕೆ ಇಳಿದಿದ್ದೂ ಅಲ್ಲೇ." ಸೀಮೆಸುಣ್ಣದ ಕಡ್ಡಿಯನ್ನು ನನ್ನ ಕೈಗಿಟ್ಟ. "ಎಲ್ಲೀವರೆಗೆ ಎತ್ತಬೇಕು, ಗೆರೆ ಹಾಕು."

"ಯಾವುದು ಸರಿ? ಎರಡೂ ಒಂದೇ ಎತ್ತರ ಇರಬೇಕು ತಾನೇ?"

"ಖಾಲಿ ಗಾಡಿ ನೇರ ನಿಲ್ಲಬೇಕಂದ್ರೆ ಒಂದೇ. ಆಯ್ಲಿ ಕೂತಾಗ ನೇರ ನಿಲ್ಲಬೇಕಂದ್ರೆ ಬಲಗಡೆ ಅರ್ಧ ಇಂಚು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮುಕ್ಕಾಲು ಅನ್ನಬಹುದಿತ್ತು. ಅವಳಿಗೆ ಹೇಳಬೇಡ."

ನಾನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಮಾತು ಕೊಟ್ಟಿದ್ದು ಸೀಟಿನ ವಿಷಯಕ್ಕೆ, ಕಮಾನಿನ ವಿಷಯಕ್ಕಲ್ಲ ಎಂದು ಹೇಳಿಕೊಂಡೆ. ಹೇಳಿಕೊಳ್ಳುವಾಗಲೇ ಅದು ನೆಪವೆಂದು ಗೊತ್ತಿತ್ತು. ಬಲಗಡೆಯದಕ್ಕೆ ಅರ್ಧ ಇಂಚು ಮೇಲೆ ಗೆರೆ ಎಳೆದೆ.

ಸುಲೋ ಸುತ್ತಿಗೆ ಎತ್ತಿಕೊಂಡ. ಬೆಂಕಿ ಹಾಕಲಿಲ್ಲ. ತಣ್ಣನೆಯ ಪಟ್ಟಿಯನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಇಂಚಿಂಚಾಗಿ ಸರಿಸುತ್ತ ಬಡಿದ. ಪ್ರತಿ ಏಟಿಗೂ ಒಂದು ಕೂದಲೆಳೆಯಷ್ಟು ಬಾಗು. ಮುರಿದ ಪಟ್ಟಿಯ ಬದಲಿಗೆ ಹೊಸದನ್ನು ಕತ್ತರಿಸಿದ. ಸಂಜೆಯ ಹೊತ್ತಿಗೆ ಎರಡೂ ಕಮಾನುಗಳು ಸುಣ್ಣದ ಗೆರೆಯ ಮೇಲೆ ಕೂತವು.

ಮನೆಯಲ್ಲಿ ಅವನ್ನು ಜೋಡಿಸಿದ ಮೇಲೆ ನಾನು ಬೋಲ್ಟುಗಳನ್ನು ಪೂರ್ತಿ ಬಿಗಿಯಲು ಹೊರಟಾಗ ಅತ್ತೆ ಕೂಗಿದರು.

"ನಿಲ್ಲು! ಗಾಡಿ ನೇತಾಡ್ತಿರೋವಾಗ ಬಿಗಿದ್ರೆ ಒಳಗಿನ ರಬ್ಬರು ತಿರುಚ್ಕೊಂಡು ಸಾಯುತ್ತೆ. ಮೊದಲು ಅದು ತನ್ನ ಕಾಲ ಮೇಲೆ ನಿಲ್ಲಲಿ. ಭಾರ ಹೊರಲಿ. ಆಮೇಲೆ ಬಿಗಿ."

ಹಿಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಇಳಿಸಿದೆವು. ಅಂಚೆಯ ಬದಲಿಗೆ ಎರಡು ಮೂಟೆ ಆಲೂಗಡ್ಡೆ ಹಿಂದಿಟ್ಟೆವು. ಕೊನೆಗೆ ಅತ್ತೆಯೇ ಹತ್ತಿದರು, ಬಲಗಡೆ. ಸೊಂಟ ಒಳಗೆ ಸೇರಿಸುವಾಗ ಹಲ್ಲು ಕಚ್ಚಿದ್ದು ಕಂಡಿತು, ಆದರೆ ಎಡಗಾಲು ತಾನಾಗಿ ಪೆಡಲ್ ಹುಡುಕಿಕೊಂಡು ಹೋಯಿತು. ನಾನು ಹಿಂಬದಿಯ ಬಂಪರಿನ ಮೇಲೆ ಮಟ್ಟಗೋಲಿಟ್ಟೆ. ಅದರೊಳಗಿನ ಗಾಳಿಗುಳ್ಳೆ ಸ್ವಲ್ಪ ನಡುಗಿ ನಟ್ಟನಡುವೆ ನಿಂತಿತು. ಮೂರು ಸಲ ತೆಗೆದಿಟ್ಟರೂ ಅಲ್ಲೇ ನಿಂತಿತು. ಅಡಿಗೆ ತೂರಿ ಒಂದೊಂದೇ ಬೋಲ್ಟ್ ಬಿಗಿದೆ.

ಶನಿವಾರ ಆರ್ವೋ ಕೆಲಸಕ್ಕೆ ಹೋದ ಮೇಲೆ ಹೊರಟೆವು, ಅತ್ತೆ ಎಡಗಡೆ, ನಾನು ಬಲಗಡೆ. ಮುಚ್ಚಿದ ತಾಮ್ರದ ಗಣಿ ದಾಟಿ ಮೊದಲ ಡಬ್ಬಿ ಕಾಣುತ್ತಲೇ ಅವರು ಗಾಡಿ ನಿಲ್ಲಿಸಿದರು.

"ಇಳಿ."

"ಐತಿ, ನಾನು ಮಾತು ಕೊಟ್ಟಿದ್ದೀನಿ."

"ಅವನಿಗೆ ಕೊಟ್ಟೆ ಸರಿ. ಕಮಾನು ಯಾರ ಭಾರಕ್ಕೆ ಕಟ್ಟಿಸಿದೆ?"

ಅವರು ನನ್ನನ್ನು ನೋಡುತ್ತಿರಲಿಲ್ಲ. ಕಣ್ಣು ಡಬ್ಬಿಯ ಮೇಲಿತ್ತು, ಕೈ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ನಾನು ಹಿಂದೆ ಮುಂದೆ ರಸ್ತೆ ನೋಡಿದೆ. ಒಂದು ಗಾಡಿಯೂ ಇರಲಿಲ್ಲ. ಇಳಿದು ಹಿಂದಿನ ಸೀಟಿಗೆ ಹೋದೆ. ಅತ್ತೆ ಬಲಗಡೆಗೆ ಜರುಗಿ, ಕಾಲು ಚಾಚಿ, ಕಿಟಕಿ ಇಳಿಸಿದರು.

ಮೂವತ್ತೆಂಟು ಡಬ್ಬಿಗಳು. ಹತ್ತರವರೆಗೂ ನಾನು ಉಸಿರು ಬಿಗಿಹಿಡಿದೇ ಎಣಿಸಿದೆ. ಅತ್ತೆ ಗಾಡಿಯನ್ನು ರಸ್ತೆಯಂಚಿಗೆ ಇಳಿಸುವುದು, ತಟ್ಟುವುದು, ಮತ್ತೆ ರಸ್ತೆಗೆ ಏರುವುದು ಒಂದೇ ಉಸಿರಿನ ಕೆಲಸದಂತಿತ್ತು. ಒಂದು ಡಬ್ಬಿಯ ಬಾಗಿಲು ಜೋತುಬಿದ್ದಿತ್ತು, ಬೈಯುತ್ತ ಮುಚ್ಚಿದರು. ಬಲಗಡೆ ಚಕ್ರ ಹಳ್ಳಕ್ಕಿಳಿದಾಗ ಹಿಂಬದಿ ಮೆತ್ತಗೆ ತಗ್ಗಿ, ಮೆತ್ತಗೆ ಎದ್ದಿತು. ಕಿರುಗುಡಲಿಲ್ಲ, ವಾಲಲಿಲ್ಲ. ಅದೆಲ್ಲ ನನ್ನ ಬೆನ್ನಿಗೇ ತಿಳಿಯುತ್ತಿತ್ತು. ಇಪ್ಪತ್ತರ ಹೊತ್ತಿಗೆ ನಾನು ಎಣಿಸುವುದನ್ನು ಮರೆತು ಮರಗಳ ಸಂದಿಯಲ್ಲಿ ಸರೋವರ ನೋಡುತ್ತಿದ್ದೆ.

ಕೊನೆಯ ಡಬ್ಬಿಯ ಬಳಿ ಮುದುಕ ವೈನೋ ಲಂಪಿ ಟೋಪಿ ಹಾಕಿಕೊಂಡು ಕಾಯುತ್ತಿದ್ದ.

"ಆಯ್ಲಿ, ನನ್ನ ಪಿಂಚಣಿ ಚೆಕ್ಕು ಎಲ್ಲಿ?"

"ಹದಿನಾಲ್ಕು ವರ್ಷದಿಂದ ಇದೇ ಜೋಕು. ಹೊಸದೊಂದು ಕಲಿಯೋ, ನಿನಗೆ ಟೈಮಿಲ್ಲ."

"ಮುಂದಿನ ವರ್ಷ ಕಲ್ತಿರ್ತೀನಿ."

ಅತ್ತೆ ಡಬ್ಬಿಯ ನೆತ್ತಿಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಕಿಟಕಿ ಏರಿಸಿದರು. ಊರು ಹತ್ತಿರವಾದಾಗ ನಾನು ಕೇಳದೆಯೇ ಎಡಗಡೆಗೆ ಜರುಗಿದರು.

ಸಂಜೆ ಆರ್ವೋ ಟೇಪು ಹಿಡಿದು ಗ್ಯಾರೇಜಿಗೆ ಬಂದ. ಎರಡೂ ಬದಿಯಲ್ಲಿ, ಚಕ್ರದ ಮೇಲಿನ ತಗಡಿನ ಅಂಚಿನಿಂದ ನೆಲದವರೆಗೆ ಅಳೆದ.

"ಬಲಗಡೆ ಅರ್ಧ ಇಂಚು ಹೆಚ್ಚಿದೆ. ಸುಲೋಗೆ ಕಣ್ಣು ಮಂಜಾಯ್ತಾ?"

"ಸುಲೋದೇನೂ ತಪ್ಪಿಲ್ಲ. ಗೆರೆ ಹಾಕಿದ್ದು ನಾನು."

"ನೀನಾ? ಉಪ್ಪನ್ನೂ ತೂಗಿ ಹಾಕೋಳು!" ಅವನು ನಕ್ಕು ಟೇಪು ಸುತ್ತಿದ. "ಇರಲಿ ಬಿಡು. ಐತಿ ಹೇಗೆ ಓಡಿಸಿದ್ಲು?"

"ತುಂಬ ಚೆನ್ನಾಗಿ ಓಡಿಸಿದ್ರು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಇನ್ನೇನೋ ಕೇಳುವವನಂತೆ ನನ್ನ ಮುಖ ನೋಡಿ, ಟೇಪನ್ನು ಜೇಬಿಗಿಳಿಸಿದ. ಒಳಗೆ ಅತ್ತೆ ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ನಾನು ಅವರ ಕಾಲಿಗೆ ಕಂಬಳಿ ಹೊದಿಸಿದೆ. ಕೊಟ್ಟ ಮಾತು ಮುರಿದಿದ್ದೆ, ಆದರೂ ಒಲೆ, ಪೈಪು ಎಂದು ಮನಸ್ಸು ತಪಾಸಣೆಗೆ ಹೊರಡಲಿಲ್ಲ. ಸೀಟು ಬಿಟ್ಟು ಇಳಿದದ್ದನ್ನು ಆರ್ವೋಗೂ ಹೇಳುವುದು ಬೇಡ, ಯಾರಿಗೂ ಬೇಡ ಎಂದು ತೀರ್ಮಾನಿಸಿ ದೀಪ ಆರಿಸಿದೆ.