ಬಾಗಿಲಿಗೆ ಬಂದ ಸೂರಕ್ಕಿ

ನನ್ನ ಅತ್ತೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಡಿ ಮಾತು ಬಿಟ್ಟಿದ್ದರೆ ಅದೊಂದು ಗೌರವ. ಇವರು ಮಾತಾಡುತ್ತಿದ್ದುದು ನನ್ನ ಹೆಂಡತಿಯ ಮೂಲಕ. ಅವರ ಮನೆಗೆ ಹೋದಾಗ ನಾನು ಎದುರಿಗೇ ಕೂತಿದ್ದರೂ, "ನಿನ್ನ ಗಂಡನಿಗೆ ಹೇಳು, ಫ್ಯಾನು ಕಡಿಮೆ ಮಾಡ್ಲಿ" ಎನ್ನುವರು. ಹೆಂಡತಿ ನನ್ನತ್ತ ತಿರುಗಿ, "ರೀ, ಫ್ಯಾನು ಕಡಿಮೆ ಮಾಡ್ಬೇಕಂತೆ" ಎನ್ನುವಳು. ನಾನು ಎದ್ದು ಕಡಿಮೆ ಮಾಡುವೆ. ಫ್ಯಾನಿಗೂ ನನಗೂ ಅಲ್ಲಿ ಒಂದೇ ಮರ್ಯಾದೆ.

ಅವರ ಸಿಟ್ಟಿಗೆ ಕಾರಣವಿತ್ತು. ಬ್ಯಾಂಕಿನ ಗುಮಾಸ್ತ ಎಂದು ನಂಬಿ ಮಗಳನ್ನು ಕೊಟ್ಟಿದ್ದರು. ಮದುವೆಯಾದ ವರ್ಷವೇ ಅಳಿಯ ಮಹಾಶಯ ಕೆಲಸ ಬಿಟ್ಟು, ನದಿ ದಂಡೆಯಲ್ಲಿ ಮೂರು ಕ್ಯಾಬಿನ್ ಕಟ್ಟಿ, ಹಕ್ಕಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತೇನೆಂದು ಕೂತ. ಆಗ ನನಗೆ ಗೊತ್ತಿದ್ದ ಹಕ್ಕಿಗಳು ಎರಡು: ಕಾಗೆ ಮತ್ತು ಕೋಳಿ. ನೀರುಕಾಗೆಯೊಂದು ಬಂಡೆಯ ಮೇಲೆ ರೆಕ್ಕೆ ಹರಡಿಕೊಂಡು ಒಣಗುತ್ತಿದ್ದರೆ, ಪಾಪ, ರೆಕ್ಕೆ ಮುರಿದಿದೆ ಎಂದು ದೋಣಿ ಹಾಕಿಕೊಂಡು ಕಾಪಾಡಲು ಹೋದ ಧೀರ ನಾನು. ಅದು ಹಾರಿಹೋಯಿತು, ನಾನು ನೀರಿಗೆ ಬಿದ್ದೆ. "ಗುಮಾಸ್ತನಿಗೆ ಕೊಟ್ಟೆ, ಹಕ್ಕಿ ಕಾಯೋನ ಪಾಲಾದಳು" ಎಂದು ಅತ್ತೆ ನೆಂಟರಿಗೆಲ್ಲ ಹೇಳಿಕೊಂಡು ಬಂದರು.

ಇಂಥ ಅತ್ತೆ ಕೊನೆಗೊಮ್ಮೆ ನಮ್ಮಲ್ಲಿಗೆ ಬರಲು ಒಪ್ಪಿದರು. ಹೆಂಡತಿ ನನ್ನ ಕೈ ಹಿಡಿದು, "ಈ ಸಲ ಏನೂ ಎಡವಟ್ಟು ಮಾಡ್ಬೇಡಿ. ಅಮ್ಮ ನಿಮ್ಮ ಜೊತೆ ಒಂದು ಮಾತಾಡಿದ್ರೆ ಸಾಕು. ನಿಮ್ಮಿಬ್ಬರ ಮಧ್ಯೆ ಓಡಾಡಿ ಓಡಾಡಿ ನನಗೆ ಸಾಕಾಗಿಹೋಗಿದೆ" ಎಂದಳು. ನಗುತ್ತಲೇ ಶುರುಮಾಡಿದ ಮಾತು ಮುಗಿಯುವಾಗ ಅವಳು ನಗುತ್ತಿರಲಿಲ್ಲ.

ನಾನು ಎಡವಟ್ಟು ಮಾಡದಿರಲು ಹೊರಟೆ. ಎಲ್ಲಕ್ಕಿಂತ ಚೆನ್ನಾಗಿರುವ ಮೂರನೇ ಕ್ಯಾಬಿನ್ನಿಗೆ ಬಣ್ಣ ಹೊಡೆಸಿ, ಯಾರೂ ಕೊಳೆ ಮಾಡದಿರಲಿ ಎಂದು ತಿಂಗಳಿಗೂ ಮೇಲೆ ಬಾಗಿಲು ಮುಚ್ಚಿಟ್ಟೆ. ಇಲ್ಲಿ ಯಾರೂ ವಾಸವಿಲ್ಲ ಎಂದು ತಿಳಿದುಕೊಂಡ ಸೂರಕ್ಕಿಯೊಂದು ಸಂಸಾರ ಹೂಡಿತು. ಬಾಗಿಲ ಮೇಲಿನ ದೀಪದಿಂದ ಒಂದು ವೈರು ಜೋತಾಡುತ್ತಿತ್ತು. ನಾಳೆ ಸರಿಮಾಡಿದರಾಯಿತು ಎಂದು ನಾನು ವರ್ಷದಿಂದ ಹೇಳುತ್ತಿದ್ದ ವೈರು ಅದು. ಹೆಬ್ಬೆರಳಷ್ಟಿರುವ ಹಕ್ಕಿ ಅದಕ್ಕೇ ಚೀಲದಂಥ ಗೂಡು ನೇತುಹಾಕಿತ್ತು. ಬಾಗಿಲು ತೆರೆಯುವುದು ಹೊರಕ್ಕೆ. "ಒಳಕ್ಕೆ ತೆಗೆಯೋ ಹಾಗೆ ಇಡೋಣ ಸಾರ್" ಎಂದು ಬಡಗಿ ಅಂದೇ ಹೇಳಿದ್ದ. ಬುದ್ಧಿ ಹೇಳಿದರೆ ಕೇಳುವ ಜಾತಿಯೇ ನಾನು? ಬಾಗಿಲು ತೆಗೆದರೆ ಗೂಡು ನೆಲಕ್ಕೆ.

ಗೂಡನ್ನು ಮೊದಲು ಕಂಡವರು ಉಳಿದೆರಡು ಕ್ಯಾಬಿನ್‌ಗಳಿಗೆ ಬಂದ ಕ್ಯಾಮೆರಾದವರು. "ಹಕ್ಕಿಗೋಸ್ಕರ ಕ್ಯಾಬಿನ್ನೇ ಖಾಲಿ ಬಿಟ್ಟಿದ್ದೀರಾ? ಎಂಥಾ ದೊಡ್ಡ ಮನಸ್ಸು ಸಾರ್!" ಎಂದರು. ನಾನು ನಾಚಿಕೆಯಿಲ್ಲದೆ, "ಏನೋ, ನಮ್ಮ ಕೈಲಾದದ್ದು" ಎಂದುಬಿಟ್ಟೆ.

ಅವರೆಲ್ಲ ಊಟಕ್ಕೆ ಹೋದಾಗ ಗೂಡನ್ನು ಮೆಲ್ಲಗೆ ಬಿಚ್ಚಿ ಮರಕ್ಕೆ ಕಟ್ಟೋಣವೆಂದು ಕೈ ಚಾಚಿದೆ. ಕಿಂಡಿಯಲ್ಲಿ ಎರಡು ಹಳದಿ ಬಾಯಿಗಳು ತೆರೆದುಕೊಂಡವು, ನಾನೇ ಅವರಪ್ಪ ಅನ್ನುವ ಹಾಗೆ. ನನ್ನ ಕೈ ತಾನಾಗಿಯೇ ಹಿಂದಕ್ಕೆ ಬಂತು. ಅಡುಗೆಮನೆಯ ಹಿಂದಿರುವ ನಮ್ಮ ಕೋಣೆಯಲ್ಲಿ ಅತ್ತೆಯನ್ನು ಮಲಗಿಸೋಣವೆಂದರೆ, ಅಲ್ಲಿ ನಾವಿಬ್ಬರೇ ಸರದಿಯ ಮೇಲೆ ಮಗ್ಗುಲು ಬದಲಿಸಬೇಕು. ಅದನ್ನು ನೋಡಿದರೆ ಅವರು ಮಗಳನ್ನು ವಾಪಸು ಕರೆದುಕೊಂಡು ಹೋಗುವುದೇ ಸರಿ.

ಅತ್ತೆ ಬಂದರು. ಮಿಂಚುಳ್ಳಿ, ಬೆಳ್ಳಕ್ಕಿ, ನಾನು, ಯಾರನ್ನೂ ನೋಡದೆ ನೇರ ಮೂರನೇ ಕ್ಯಾಬಿನ್ನಿನ ಮುಂದೆ ನಿಂತರು. ಹೆಂಡತಿ ತಡವರಿಸುತ್ತ ವಿಷಯ ಹೇಳಿದಳು.

"ನಿನ್ನ ಗಂಡನಿಗೆ ಕೇಳು, ನನಗಿಂತ ಹಕ್ಕಿ ಹೆಚ್ಚಾಯ್ತಾ ಅಂತ."

"ರೀ, ಅಮ್ಮನಿಗಿಂತ ಹಕ್ಕಿ..."

ಅಷ್ಟರಲ್ಲಿ ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಬಂತು. ನಮ್ಮನ್ನು ನೋಡಿ ಗೂಡಿನ ಹತ್ತಿರ ಹೋಗಲಾರದೆ, ದೂರವೂ ಹೋಗಲಾರದೆ, ಅಲ್ಲೇ ಚಡಪಡಿಸಿತು. ಅತ್ತೆ ಅದನ್ನೇ ನೋಡುತ್ತ ನಿಂತರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ದನಿ ತಗ್ಗಿಸಿ ಕೇಳಿದರು: "ಮರಿ ಇದಾವೇನೇ?"

"ಎರಡಿದಾವಮ್ಮ."

ಅತ್ತೆ ಚಪ್ಪಲಿ ಬಿಟ್ಟರು. "ಕಿಟಕಿ ಎಲ್ಲಿದೆ?"

ಕಿಟಕಿ ಹಿಂದುಗಡೆ, ನದಿಯ ಕಡೆಗೆ. ನದಿ ಚೆನ್ನಾಗಿ ಕಾಣಲಿ ಎಂದು ನಾನು ಸರಳು ಹಾಕಿಸಿರಲಿಲ್ಲ. ನನ್ನ ಬಾಳಿನಲ್ಲಿ ತಪ್ಪಿ ಮಾಡಿದ ಒಂದು ಸರಿ ಕೆಲಸ. ಆದರೆ ಆ ಕಡೆ ಕ್ಯಾಬಿನ್ ಕಂಬಗಳ ಮೇಲಿತ್ತು, ಏಣಿ ಬೇಕಾಯಿತು. ಹೆಂಡತಿ ಮೊದಲು ಹತ್ತಿ ಒಳಗಿಳಿದಳು. ಅತ್ತೆ ಹಿಂದೆ ಹತ್ತಿದರು. ನಾನು ಕೆಳಗೆ ಏಣಿ ಹಿಡಿದು, ನೋಡಬಾರದೆಂದು ನದಿಯ ಕಡೆ ಮುಖ ತಿರುಗಿಸಿಕೊಂಡು ನಿಂತೆ. ಕ್ಯಾಮೆರಾದವರಿಗೆ ಇದಕ್ಕಿಂತ ಅಪರೂಪದ ಹಕ್ಕಿ ಸಿಕ್ಕಿರಲಿಲ್ಲವೇನೋ, ಉದ್ದುದ್ದ ಲೆನ್ಸಿನ ಕೊಳವೆಗಳೆಲ್ಲ ಇತ್ತ ತಿರುಗಿದವು.

"ನಿನ್ನ ಗಂಡನಿಗೆ ಹೇಳು, ಏಣಿ ಅಲ್ಲಾಡ್ತಿದೆ."

"ರೀ, ಏಣಿ ಅಲ್ಲಾಡ್ತಿದೆಯಂತೆ."

"ಹಿಡ್ಕೊಂಡಿದ್ದೀನಿ ಅಂತ ಹೇಳು" ಎಂದೆ.

"ಹಿಡ್ಕೊಂಡಿದ್ದಾರಂತಮ್ಮ."

ಅರ್ಧ ದೇಹ ಒಳಗೆ, ಅರ್ಧ ಹೊರಗೆ ಇರುವಾಗ ಏಣಿಯ ಒಂದು ಕಾಲು ಮೆದು ಮಣ್ಣಿನಲ್ಲಿ ಹೂತು ವಾಲಿತು. ದುಭಾಷಿಗೆ ಸಮಯವಿರಲಿಲ್ಲ. "ಅಯ್ಯೋ, ಕಾಲು ಹಿಡ್ಕೊಳ್ಳಪ್ಪಾ! ಬಿಡ್ಬೇಡ, ಬಿಡ್ಬೇಡ!" ಎಂದು ಅತ್ತೆ ಕೂಗಿದರು. ನಾನು ಏಣಿಯನ್ನು ಬಿಟ್ಟು ಎರಡೂ ಪಾದಗಳನ್ನು ಹಿಡಿದು ಮೇಲಕ್ಕೆ ನೂಕಿದೆ. ಒಳಗೆ ಧೊಪ್ಪೆಂದು ಸದ್ದಾಯಿತು. ಏಣಿಯನ್ನು ನೆಟ್ಟಗೆ ಮಾಡಿಕೊಂಡು ನಾನೂ ಹತ್ತಿ ಒಳಗೆ ಬಿದ್ದೆ.

ಅತ್ತೆ ಹಾಸಿಗೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಮೂಳೆ ಮುರಿದಿರಲಿಲ್ಲ, ಮುಖ ಮಾತ್ರ ಮತ್ತೆ ಗಂಟಾಗಿತ್ತು.

"ನಿನ್ನ ಗಂಡನಿಗೆ ಹೇಳು..." ಎಂದು ಶುರುಮಾಡಿದರು.

"ಹೇಳಲ್ಲ" ಎಂದಳು ಹೆಂಡತಿ. "ನನ್ನ ಕೈಲಿ ಆಗಲ್ಲಮ್ಮ. ಇಲ್ಲೇ ಇದಾರಲ್ಲ. ನೀನೇ ಹೇಳು."

ಮಗಳ ಮುಖವನ್ನು ಅತ್ತೆ ಬಹಳ ಹೊತ್ತು ನೋಡಿದರು. ಅವಳು ಎಷ್ಟು ಬಳಲಿದ್ದಾಳೆಂದು ಅವರಿಗೂ ಆಗಲೇ ಕಂಡಿರಬೇಕು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ಆ ಬಾಗಿಲಿಗೆ ಒಳಗಿಂದ ಚಿಲಕ ಹಾಕಿ. ನಿದ್ದೆಗಣ್ಣಲ್ಲಿ ನಾನೇ ತಳ್ಳಿಬಿಟ್ಟೇನು."

ಇಂಥ ದಿನ ಬಂದರೆ ಏನು ಹೇಳಬೇಕೆಂದು ನಾನು ಎಷ್ಟೋ ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿಂದ ಹೊರಟದ್ದು "ಹೂಂ" ಒಂದೇ. ಹೋಗಿ ಚಿಲಕ ಹಾಕಿದೆ. ಹಾಕಿಯಾದ ಮೇಲೂ ಬಾಗಿಲ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದೆ. ತಿರುಗಿದರೆ ಇಬ್ಬರಿಗೂ ನನ್ನ ಕಣ್ಣು ಕಾಣುತ್ತಿತ್ತು.