ಹನ್ನೆರಡು ವೋಲ್ಟಿನ ಸಾಲು

ಹಲ್ಲಣ್ಣ ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಹಲ್ಲು ಮಾಡಿಕೊಡುವವನು. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ ಅವನ ಲ್ಯಾಬು. ಇಪ್ಪತ್ತೆರಡು ವರ್ಷ ಮೇಣ ಕೆತ್ತಿ ಪಳಗಿದ ಕೈ ಅವನದು. ಈಚೆಗೆ ಡಾಕ್ಟರುಗಳು ಅಚ್ಚು ತೆಗೆಯುವುದನ್ನೇ ಬಿಟ್ಟು, ಬಾಯೊಳಗೆ ಕ್ಯಾಮೆರಾ ಕಡ್ಡಿ ಆಡಿಸಿ, ಚಿತ್ರವನ್ನು ನೇರವಾಗಿ ಅವನ ಕಂಪ್ಯೂಟರಿಗೆ ಕಳಿಸತೊಡಗಿದ್ದರು. ಆ ಕಂಪ್ಯೂಟರಿಗೆ ಎಂಟು ವರ್ಷ. ಮೌಸು ಈಗ ತಿರುಗಿಸಿದರೆ ಪರದೆಯ ಮೇಲಿನ ದವಡೆ, ನಿದ್ದೆಯಿಂದ ಎಬ್ಬಿಸಿದವರ ಹಾಗೆ, ಆಮೇಲೆ ಯಾವಾಗಲೋ ಹೊರಳುತ್ತಿತ್ತು.

ಅಂಥದ್ದರಲ್ಲಿ ಬ್ಯಾಂಡಿನಲ್ಲಿ ತುತ್ತೂರಿ ಊದುವ ಹೆಂಗಸೊಬ್ಬಳ ಕೆಲಸ ಬಂತು. ವೇದಿಕೆಯ ಮೆಟ್ಟಿಲಿನಿಂದ ಬಿದ್ದು ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲು ಕಳೆದುಕೊಂಡಿದ್ದಳು. ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು ಲ್ಯಾಬಿಗೇ ಬಂದುಬಿಟ್ಟಳು.

"ಚೆಂದ ಕಾಣೋದು ಆಮೇಲೆ. ನಂಗೆ ಊದೋಕಾಗ್ಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ತುಟಿ ಒಪ್ಪಲ್ಲ" ಎಂದಳು.

ಪುಣ್ಯಕ್ಕೆ ಡಾಕ್ಟರ ಬಳಿ ಎರಡು ವರ್ಷದ ಹಿಂದೆ ತೆಗೆದ ಅವಳ ಬಾಯಿಯ ಚಿತ್ರ ಇತ್ತು. ಹಳೆಯ ಚಿತ್ರವನ್ನು ಹೊಸದರ ಮೇಲೆ ಕೂರಿಸಿದರೆ, ಹೋದ ಹಲ್ಲು ಹೇಗಿತ್ತೋ ಹಾಗೆಯೇ ಮಾಡಬಹುದು. ಆದರೆ ಎರಡನ್ನೂ ಒಟ್ಟಿಗೆ ತೆರೆದರೆ ಕಂಪ್ಯೂಟರು ಕಲ್ಲಾಗುತ್ತಿತ್ತು. ಚಿತ್ರಗಳ ಭಾರ ಹೊರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ತರಲು ಹಲ್ಲಣ್ಣ ಹೊರಟ.

"ಪವರ್ ಸಪ್ಲೈ ಎಷ್ಟಿದೆ?" ಎಂದು ಅಂಗಡಿಯವನು ಕೇಳಿದ.

"ನಾನೂರೈವತ್ತು ವಾಟ್ ಅಂತ ಬರೆದಿದೆ."

"ಸಾಕು ಬಿಡಿ, ಓಡುತ್ತೆ."

ತಂದ ಕಾರ್ಡಿನ ಮೇಲೆ ಎಂಟು ಪಿನ್ನಿನ ಕರೆಂಟು ಸಾಕೆಟ್ ಇತ್ತು. ಕಂಪ್ಯೂಟರಿಗೆ ಕರೆಂಟು ಹಂಚುವ ಹಳೆಯ ಸಪ್ಲೈಯಲ್ಲಿದ್ದದ್ದು ಆರು ಪಿನ್ನಿನ ವೈರು. ಕಾರ್ಡಿನ ಡಬ್ಬಿಯಲ್ಲಿ ಒಂದು ಅಡಾಪ್ಟರ್ ಸಿಕ್ಕಿತು. ಡಿಸ್ಕಿಗೆ ಹೋಗುವ ಎರಡು ವೈರು ಸೇರಿಸಿ ಎಂಟು ಮಾಡುವಂಥದ್ದು. ಹಲ್ಲಣ್ಣ ಅದನ್ನೇ ಸಿಕ್ಕಿಸಿದ. ಆನ್ ಆಯಿತು. ದವಡೆ ಬೆರಳು ಹೇಳಿದ ಹಾಗೆ ತಿರುಗಿತು. ಅವನು ಖುಷಿಯಿಂದ ಸಿಳ್ಳೆ ಹಾಕುತ್ತ ಕೆಲಸಕ್ಕೆ ಕೂತ. ನಲವತ್ತನೇ ನಿಮಿಷಕ್ಕೆ ಟಪ್ ಎಂದು ಎಲ್ಲ ಆರಿತು. ಮತ್ತೆ ಹಚ್ಚಿದರೆ ಹತ್ತೇ ನಿಮಿಷ. ಮೂರನೇ ಸಲ ಸುಟ್ಟ ವಾಸನೆಯೂ ಬಂತು.

ಚಹಾ ಹಿಡಿದು ಮೇಲೆ ಬಂದ ಟೈಲರ್ ಮೂಗೆಳೆದು, "ಏನಣ್ಣ, ಇಸ್ತ್ರಿ ಅಂಗಡಿನೂ ಶುರು ಮಾಡಿದ್ರಾ?" ಎಂದ.

ಹಲ್ಲಣ್ಣನಿಗೆ ಆಗ ನೆನಪಾದದ್ದು ಭಾವ, ಅಕ್ಕನ ಗಂಡ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಆರು ಜನ ಎಂದು ಬರೆದ ಲಿಫ್ಟಿಗೆ ಏಳನೆಯವರನ್ನು ಹತ್ತಿಸಿದವರಲ್ಲ. ತಮ್ಮ ಮದುವೆಯ ದಿನವೂ ಹೆಣ್ಣಿನ ಜೊತೆ ಐದು ಜನರನ್ನು ಲಿಫ್ಟಿನಲ್ಲಿ ಕಳಿಸಿ, ತಾವು ಮೆಟ್ಟಿಲು ಹತ್ತಿ ಬೆವರುತ್ತ ಮಂಟಪಕ್ಕೆ ಬಂದಿದ್ದರು. ಅಕ್ಕ ಇದ್ದಷ್ಟು ಕಾಲ ಭಾವ-ಮೈದುನರ ನಡುವಿನ ಮಾತೆಲ್ಲ ಅವಳ ಬಾಯಿಂದಲೇ ಹಾದು ಹೋಗುತ್ತಿತ್ತು. ಅವಳು ತೀರಿಕೊಂಡು ಎರಡು ವರ್ಷ. ಅಲ್ಲಿಂದೀಚೆಗೆ ಇಬ್ಬರೂ ಫೋನಿನಲ್ಲಿ ಮಾತಾಡಿದ್ದು ಎರಡೋ ಮೂರೋ ಸಲ. ಊಟ ಆಯ್ತಾ, ಆಯ್ತು, ಅಷ್ಟೇ. ಜಗಳವೇನಿಲ್ಲ, ಮಾತಾಡಲು ನೆಪ ಇರಲಿಲ್ಲ.

"ಭಾವ, ಕಂಪ್ಯೂಟರು ತಾನಾಗೇ ಆರಿಹೋಗ್ತಿದೆ."

ಭಾವ ಫೋನಿನಲ್ಲಿ ಕೇಳಿದರು: "ವಾಸನೆ ಬಂತಾ?"

"ಬಂತು."

"ಪ್ಲಗ್ ಕಿತ್ತಿಡು. ಮುಟ್ಟಬೇಡ. ಬೆಳಿಗ್ಗೆ ಬರ್ತೀನಿ."

ಬೆಳಿಗ್ಗೆ ಹತ್ತಕ್ಕೆ, ಹೆಗಲಿಗೆ ಚೀಲ, ಕೊರಳಿಗೆ ದಾರ ಕಟ್ಟಿದ ಕನ್ನಡಕ ಸಮೇತ ಭಾವ ಮೆಟ್ಟಿಲು ಹತ್ತಿ ಬಂದರು.

"ನಂಗೆ ಕಂಪ್ಯೂಟರ್ ಗೊತ್ತಿಲ್ಲ. ಕರೆಂಟು ಗೊತ್ತು. ಕಾರ್ಡಿನ ಜೊತೆ ಕಾಗದ ಕೊಟ್ಟಿದ್ದಾನಲ್ಲ, ಕೊಡು."

ಕಾಗದ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇತ್ತು. ಭಾವ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕಾರ್ಡು ಎಳೆಯುವುದು ಇನ್ನೂರಿಪ್ಪತ್ತು ವಾಟ್. ಸಪ್ಲೈ ಕನಿಷ್ಠ ಆರುನೂರೈವತ್ತು ಇರಲಿ ಎಂದು ಬರೆದಿತ್ತು. ಆಮೇಲೆ ನಾಲ್ಕು ಸ್ಕ್ರೂ ಬಿಚ್ಚಿ ಸಪ್ಲೈಯ ಡಬ್ಬಿಯನ್ನೇ ಹೊರಗೆಳೆದು, ಪಕ್ಕದಲ್ಲಿದ್ದ ಸಣ್ಣಕ್ಷರದ ಪಟ್ಟಿಗೆ ಟಾರ್ಚ್ ಹಿಡಿದರು.

"ದೊಡ್ಡಕ್ಷರದಲ್ಲಿ ನಾನೂರೈವತ್ತು. ಅದನ್ನ ಬಿಡು. ಈ ಹನ್ನೆರಡು ವೋಲ್ಟಿನ ಸಾಲು ನೋಡು. ಎಷ್ಟು ಆಂಪಿಯರ್?"

"ಹದಿನೆಂಟು."

"ಹನ್ನೆರಡು ಹದಿನೆಂಟ್ಲೆ?"

ಹಲ್ಲಣ್ಣ ಬೆರಳು ಮಡಚಿದ. "ಇನ್ನೂರ ಹದಿನಾರು."

"ಕಾರ್ಡ್ ಒಂದಕ್ಕೇ ಇನ್ನೂರಿಪ್ಪತ್ತು ಬೇಕು. ನಿನ್ನ ಪ್ರೊಸೆಸರು ಏನು ಉಪವಾಸ ಇರುತ್ತಾ? ಫ್ಯಾನು, ಡಿಸ್ಕು?"

"ಮತ್ತೆ ಉಳಿದ ವಾಟ್ ಎಲ್ಲಿಗೆ ಹೋಯ್ತು ಭಾವ?"

"ಕೆಳಗಿನ ಸಾಲುಗಳಿಗೆ. ಐದು ವೋಲ್ಟು, ಮೂರು ಚಿಲ್ಲರೆ ವೋಲ್ಟು. ಅದು ಕಾರ್ಡಿನ ಹೊಟ್ಟೆಗೆ ಆಗಲ್ಲ."

ಅಡಾಪ್ಟರನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರು. ಒಂದು ತೂತಿನ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಹಲ್ಲಣ್ಣ ಬೈಗುಳಕ್ಕೆ ಕಾದ. ಬರಲಿಲ್ಲ.

"ಬೈದುಬಿಡಿ ಭಾವ."

"ಬೈಯೋದು ನಿಮ್ಮಕ್ಕನ ಇಲಾಖೆ. ನಂಗೆ ಬರಲ್ಲ."

ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಭಾವ ಟೇಪು ತೆಗೆದು ಕಂಪ್ಯೂಟರ್ ಪೆಟ್ಟಿಗೆಯ ಒಳಗನ್ನು ಅಳೆದು ಚೀಟಿ ಬರೆದರು: ಆರುನೂರೈವತ್ತು ವಾಟ್. ಹನ್ನೆರಡರ ಸಾಲಿನಲ್ಲಿ ಐವತ್ತು ಆಂಪಿಯರಿಗೆ ಕಡಿಮೆ ಬೇಡ. ಕಾರ್ಡಿಗೆಂದೇ ಎಂಟು ಪಿನ್ನಿನ ವೈರು. ಉದ್ದ ಹದಿನಾರು ಸೆಂಟಿಮೀಟರ್ ಮೀರಬಾರದು.

ಇಬ್ಬರೂ ಅಂಗಡಿಗೆ ಹೋದಾಗ ಅಂಗಡಿಯವನು ಬಣ್ಣದ ದೀಪ ಉರಿಯುವ ಒಂದು ದೊಡ್ಡ ಸಪ್ಲೈ ತಂದಿಟ್ಟ. ಭಾವ ಟೇಪು ಹಿಡಿದರು. ಹದಿನೆಂಟು.

"ಇದೇನು ಬಟ್ಟೆ ಅಂಗಡಿನಾ ಯಜಮಾನ್ರೇ?" ಎಂದು ಅವನು ನಕ್ಕ.

"ಬಟ್ಟೆ ಆಗಿದ್ರೆ ಎಳೆದ್ರೆ ಹಿಗ್ತಿತ್ತು" ಎಂದರು ಭಾವ, ನಗದೆ.

ನಾಲ್ಕನೆಯ ಡಬ್ಬಿ ಚೀಟಿಗೆ ಹೊಂದಿತು. ಐವತ್ನಾಲ್ಕು ಆಂಪಿಯರ್, ಹದಿನಾಲ್ಕು ಸೆಂಟಿಮೀಟರ್.

ಲ್ಯಾಬಿಗೆ ಬಂದು ಜೋಡಿಸುವಾಗ ಹಲ್ಲಣ್ಣ ಎಂಟು ತೂತಿನ ವೈರೊಂದನ್ನು ಕಾರ್ಡಿಗೆ ಒತ್ತಿದ. ಹೋಗಲಿಲ್ಲ. ಇನ್ನಷ್ಟು ಒತ್ತಿದ.

"ತಡಿ, ತಡಿ. ಹಲ್ಲು ಕೂರದಿದ್ರೆ ನೀನು ಸುತ್ತಿಗೆ ತಗೋತೀಯಾ?" ಎಂದು ಭಾವ ಕೈ ಹಿಡಿದರು. ನೋಡಿದರೆ ಅದು ಪ್ರೊಸೆಸರಿನ ವೈರು. ಅದಕ್ಕೂ ಎಂಟೇ ತೂತು, ಆದರೆ ಆಕಾರ ಬೇರೆ. ಕಾರ್ಡಿನದು ಆರು ಮತ್ತು ಎರಡು ಸೇರಿ ಎಂಟಾಗುವಂಥದ್ದು. ಅದನ್ನು ಮೆಲ್ಲಗೆ ಒತ್ತಿದ್ದೇ ಕ್ಲಿಕ್ಕೆಂದು ಕೂತಿತು.

ಪೂರಾ ಭಾರದ ಕೆಲಸ ಕೊಟ್ಟು ಒಂದು ಗಂಟೆ ಕಾಯಬೇಕು ಎಂದು ಭಾವ ಹಟ ಹಿಡಿದರು. ಎರಡೂ ಚಿತ್ರ ತೆರೆದು, ಒಂದರ ಮೇಲೊಂದು ಕೂರಿಸಲು ಬಿಟ್ಟು, ಇಬ್ಬರೂ ಬುತ್ತಿ ಬಿಚ್ಚಿದರು. ಆಗಲೇ ಹಲ್ಲಣ್ಣನ ಕಣ್ಣಿಗೆ ಬಿದ್ದದ್ದು, ಭಾವ ಎಡಗಡೆ ಮಾತ್ರ ಅಗಿಯುತ್ತಿದ್ದಾರೆ.

"ಬಲಗಡೆ ಏನಾಯ್ತು?"

"ಎರಡು ದವಡೆಹಲ್ಲು ಹೋಗಿವೆ. ನಿಮ್ಮಕ್ಕ ಹೋದ ವರ್ಷವೇ."

"ನಂಗೊಂದು ಮಾತು ಹೇಳಬಾರದಾ?"

"ಹಲ್ಲು ಹೋಯ್ತು ಅಂತ ನಿಂಗೆ ಫೋನ್ ಮಾಡೋದಾ?"

"ಅಲ್ಲ ಭಾವ, ನಾನು ಮಾಡೋ ಕೆಲಸಾನೇ ಹಲ್ಲು!"

ಭಾವ ತುತ್ತು ಕೈಯಲ್ಲೇ ಹಿಡಿದು ಅವನ ಮುಖ ನೋಡಿದರು. ಮೊದಲು ಭುಜ ಕುಲುಕಿತು, ಆಮೇಲೆ ನಗು ಬಂತು. ಕೆಮ್ಮು ಹತ್ತಿ ನೀರು ಕುಡಿಯುವ ತನಕ ನಕ್ಕರು. ಗಂಟೆ ಕಳೆಯಿತು. ಭಾವ ಪೆಟ್ಟಿಗೆಯ ಹಿಂದೆ ಕೈ ಒಡ್ಡಿದರು. ಬೆಚ್ಚಗಿನ ಗಾಳಿ, ಬೇರೇನಿಲ್ಲ.

ಶುಕ್ರವಾರ ಹಲ್ಲು ತಯಾರಾದವು. ಡಾಕ್ಟರು ಕೂರಿಸಿದ ಮೇಲೆ ತುತ್ತೂರಿಯವಳು ನಾಲಿಗೆಯಿಂದ ಒಂದೊಂದನ್ನೂ ಮುಟ್ಟಿ ನೋಡಿ, ಕಾಯುವ ಕೋಣೆಗೆ ಬಂದು ನಿಂತು ಊದಿದಳು. ಸರದಿಗೆ ಕೂತಿದ್ದವರೊಬ್ಬರು ಬೆಚ್ಚಿಬಿದ್ದರು.

"ಎರಡನೇದು ಚೂರು ಉದ್ದ" ಎಂದಳು.

ಉಗುರು ತುದಿಯಷ್ಟೂ ಇಲ್ಲದ ಉದ್ದ. ಡಾಕ್ಟರು ಉಜ್ಜಿ ಕೊಟ್ಟರು. ಅವಳು ಮತ್ತೆ ಊದಿದಳು. ಕಣ್ಣು ಮುಚ್ಚಿಕೊಂಡು ಊದುತ್ತಲೇ ಇದ್ದಳು. ಅವಳಿಗೆ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

ಸೋಮವಾರ ಹಲ್ಲಣ್ಣ ಭಾವನನ್ನು ಅದೇ ಡಾಕ್ಟರ ಬಳಿ ಕರೆದುಕೊಂಡು ಹೋದ. ಇಬ್ಬರೂ ನಡೆದು ಲ್ಯಾಬಿಗೆ ಬರುವಷ್ಟರಲ್ಲಿ ಚಿತ್ರ ಬಂದು ಕೂತಿತ್ತು. ಭಾವ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು. ಪರದೆಯ ಮೇಲೆ ದವಡೆ ಒಂದು ಸುತ್ತು ತಿರುಗಿತು.

"ಇದು ನಾನಾ?"

"ನೀವೇ."

"ಬಾಯಿ ಇಷ್ಟು ಚಿಕ್ಕದಾ?"

"ಮಾತಾಡಿದ್ರೆ ತಾನೇ ದೊಡ್ಡದಾಗೋದು?"

ಭಾವ ಅವನ ತಲೆಗೆ ಮೆಲ್ಲಗೆ ಮೊಟಕಿದರು. ಹಲ್ಲಣ್ಣ ಖಾಲಿ ಜಾಗದಲ್ಲಿ ಮೊದಲ ಹಲ್ಲಿನ ಗೆರೆ ಎಳೆಯತೊಡಗಿದ. ಕೆಳಗೆ ರಸ್ತೆಯಲ್ಲಿ ಭಾವ ಹಿಡಿಯಬೇಕಿದ್ದ ಐದು ಗಂಟೆಯ ಬಸ್ಸು ಹಾರ್ನ್ ಹಾಕಿತು. ಭಾವ ಗಡಿಯಾರ ನೋಡಿದರು, ಚೀಲ ಮುಟ್ಟಿದರು.

"ಆರಕ್ಕೆ ಇನ್ನೊಂದಿದೆಯಲ್ಲ?" ಎಂದರು.

"ಏಳಕ್ಕೂ ಇದೆ ಭಾವ."

ಭಾವ ಕನ್ನಡಕ ಏರಿಸಿಕೊಂಡು ಪರದೆಯತ್ತ ಬಾಗಿದರು. "ಹಾಗಾದ್ರೆ ಆ ಕಡೆಯಿಂದಲೂ ಒಂದ್ಸಲ ತಿರುಗಿಸು, ನೋಡೋಣ."