ಕಾರಿನ ಎಣ್ಣೆ ಆಯುಧ ಪೂಜೆಗೆ ಕಾಯುವುದಿಲ್ಲ

ಗಡಿಯಂಚಿನ ಕೊಳವಳ್ಳಿಯಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಊರಿಗೆ ಊರೇ ಮೆಕ್ಯಾನಿಕ್. ಒಬ್ಬ ಬ್ಯಾಟರಿ ಅನ್ನುತ್ತಾನೆ, ಇನ್ನೊಬ್ಬ ಪಂಪು ಅನ್ನುತ್ತಾನೆ, ಮತ್ತೊಬ್ಬ ಬಾನೆಟ್ಟಿನೊಳಗೆ ತಲೆ ಹಾಕಿ ನೋಡಿ, ಏನೂ ತಿಳಿಯದೆ ಬೀಡಿ ಹಚ್ಚುತ್ತಾನೆ. ಆದರೆ ಆ ಸೋಮವಾರ ಭಾಸ್ಕರನ್ ಅವರ ಕಾರನ್ನು ಜೀಪಿಗೆ ಹಗ್ಗ ಕಟ್ಟಿ ಜಗದೀಶನ ವರ್ಕ್‌ಶಾಪಿಗೆ ಎಳೆದು ತಂದಾಗ ಯಾರೂ ಬಾಯಿ ಬಿಡಲಿಲ್ಲ. ಎಂಜಿನ್ ಒಳಗೇ ಹಿಡಿದುಕೊಂಡು ಕಲ್ಲಾಗಿತ್ತು.

"ವಾರಂಟಿ ಸಿಕ್ಕಲ್ಲ ಅಂದ್ರು ಷೋರೂಮಿನೋರು," ಅಂದರು ಭಾಸ್ಕರನ್. "ಕಾರು ಮಾರುವಾಗ ಕಾಪಿ ಕೊಟ್ಟು ಕೂರಿಸ್ತಾರೆ. ಕೆಟ್ಟ ಮೇಲೆ ಮುಖ ಆ ಕಡೆ ತಿರುಗಿಸ್ತಾರೆ. ಕಳ್ಳರು."

"ನಾನು ಅವತ್ತೇ ಹೇಳಿರ್ಲಿಲ್ವಾ ಅಣ್ಣ?" ಅಂದ ಜಗದೀಶ. "ಹಳೇ ಕಾರಿಗೆ ವಾರಂಟಿ ಅಂದ್ರೆ ಮುದುಕನಿಗೆ ಜಾತಕ ಬರೆಸಿದಂಗೆ."

ಸುತ್ತ ನಿಂತವರು ನಕ್ಕರು. ಬೇಲಿಯ ಪಕ್ಕದಲ್ಲಿ ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ಕುಸುಮಾಳಿಗೆ ಮಾತ್ರ ನಗು ಬರಲಿಲ್ಲ. ಅವಳ ಮನೆಯ ಅಂಗಳದಲ್ಲಿ ನಿಂತಿರುವುದೂ ಬತ್ತೇರಿ ಪೇಟೆಯ ಅದೇ ಷೋರೂಮಿನಿಂದ ಕೊಂಡ ಹಳೆಯ ಕಾರೇ. ಅದಕ್ಕೂ ಅದೇ ವಾರಂಟಿ.

ಕುಸುಮಾ ಕಾರು ಕೊಂಡಿದ್ದು ಷೋಕಿಗಲ್ಲ. ಮಾವ ನಿಂಗಯ್ಯನವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬತ್ತೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬಸ್ಸಿನಲ್ಲಿ ಹೋದರೆ ಪುಲ್ಪಳ್ಳಿಯಲ್ಲಿ ಇಳಿದು ಹತ್ತಬೇಕು, ಅಷ್ಟು ಹೊತ್ತು ನಿಲ್ಲುವ ಶಕ್ತಿ ಅವರಿಗಿಲ್ಲ. ಜೀಪಿನಲ್ಲಿ ಹೋದರೆ ಕಾಡಿನ ದಾರಿಯ ಕುಲುಕಾಟಕ್ಕೆ ಮನೆಗೆ ಬರುವಷ್ಟರಲ್ಲಿ ಹೆಣದ ಹಾಗಾಗುತ್ತಿದ್ದರು. ಗಂಡ ಗುರುಮೂರ್ತಿ ಹೊಳೆಯ ಆಚೆ, ಕರ್ನಾಟಕದ ಕಡೆ ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದ. ಶುಂಠಿ ಕೀಳುವವರೆಗೆ ಅವನು ಅಲ್ಲಿನ ಶೆಡ್ಡಿನವನೇ ಹೊರತು ಮನೆಯವನಲ್ಲ. ಹಾಗಾಗಿ ಕುಸುಮಾಳೇ ಡ್ರೈವಿಂಗ್ ಕಲಿತಳು. ಕಾರು ನಿಂತರೆ ಮಾವನೂ ನಿಂತ ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಮಾವನನ್ನು ಆಸ್ಪತ್ರೆಯ ಹಾಸಿಗೆಗೆ ಸೇರಿಸಿ ನೇರ ಷೋರೂಮಿಗೆ ನಡೆದಳು. ಸರ್ವಿಸ್ ಕೌಂಟರಿನಲ್ಲಿ ಕೂತಿದ್ದವಳು ಶೀಜ. ಕೊಳವಳ್ಳಿಯ ಶಾಂತಳ ಮಗಳು, ಸಣ್ಣವಳಿದ್ದಾಗ ಕುಸುಮಾಳ ಮನೆಯ ಹಲಸಿನ ಮರದ ಮೇಲೇ ಇರುತ್ತಿದ್ದವಳು.

"ಬಾ ಕುಸುಮಕ್ಕ, ಕೂತ್ಕೊ."

"ಕೂರಕ್ಕೆ ಬಂದಿಲ್ಲ. ಭಾಸ್ಕರಣ್ಣನ ಎಂಜಿನ್ ಮಾಡ್ಕೊಡಲ್ಲ ಅಂದ್ರಂತೆ. ನಾಳೆ ನಂಗೂ ಹಂಗೇ ಅಂತೀರಿ. ಈಗ್ಲೇ ಹೇಳ್ಬುಡು ಶೀಜಾ, ನೀವು ಕಳ್ಳರೋ, ನಾವು ಪೆದ್ದರೋ?"

ಶೀಜಳ ಮುಖ ಕೆಂಪಾಯಿತು. "ಇವತ್ತು ನನ್ನ ಕಳ್ಳಿ ಅಂದೋರಲ್ಲಿ ನೀನೇ ಮೊದಲಲ್ಲ. ಅಂದ್ಕೊ. ಆದ್ರೆ ನಿನ್ನ ಭಾಸ್ಕರಣ್ಣ, ನಮ್ಮ ಭಾಸ್ಕರೇಟ್ಟನ್, ಕಾರು ತಗೊಂಡ ಮೇಲೆ ಒಂದು ಸಲಾನಾದ್ರೂ ಇಲ್ಲಿಗೆ ತಂದ್ರಾ, ಅದನ್ನ ಅವರನ್ನೇ ಕೇಳು. ಯಾವ ಎಣ್ಣೆ ಹಾಕಿಸಿದ್ರು, ಫಿಲ್ಟರ್ ಬದಲಾಯಿಸಿದ್ರಾ, ಒಂದಕ್ಕೂ ಬಿಲ್ಲಿಲ್ಲ. ಕೇಳಿದ್ರೆ, 'ನಮ್ಮ ಜಗದೀಶ ಹಾಕಿದ್ದು, ಅವನು ಮೋಸ ಮಾಡಲ್ಲ' ಅಂತಾರೆ. ಜಗದೀಶಣ್ಣ ಮೋಸ ಮಾಡ್ತಾರೆ ಅಂತ ನಾನೂ ಅನ್ನಲ್ಲ. ಕಂಪನಿಗೆ ಜಗದೀಶಣ್ಣ ಯಾರು ಅಂತ ಗೊತ್ತಾ?"

"ಎಣ್ಣೆ ಎಣ್ಣೆನೇ ತಾನೆ? ಯಾರು ಹಾಕಿದ್ರೇನು?"

"ವಾರಂಟಿ ಅಂದ್ರೆ ಎರಡು ಕಡೆ ಮಾತು ಅಕ್ಕ. ಒಳಗಿನ ಸಾಮಾನು ಕೆಟ್ರೆ ಮಾಡ್ಕೊಡ್ತೀವಿ ಅನ್ನೋದು ಅವರ ಮಾತು. ಹೇಳಿದ ತಾರೀಖಿಗೆ ಕಂಪನಿ ಸರ್ವಿಸ್ ಸೆಂಟರಿಗೆ ತಂದು ತೋರಿಸ್ತೀನಿ ಅನ್ನೋದು ನಿನ್ನ ಮಾತು. ನೀನು ನಿನ್ನ ಮಾತು ತಪ್ಪಿದ್ರೆ ಅವರಿಗೇನು ನಷ್ಟ? ಅವರು ಕಾಯೋದೇ ಅದಕ್ಕೆ. ಅವರ ಕೈಗೆ ಆ ನೆಪ ನಾವ್ಯಾಕೆ ಕೊಡಬೇಕು? ನಂಗೆ ಉರಿಯೋದು ಅಲ್ಲಿ."

ಕುಸುಮಾ ಕೂತಳು. ಶೀಜ ಕಂಪ್ಯೂಟರಿನಲ್ಲಿ ಕಾರಿನ ನಂಬರ್ ಹೊಡೆದಳು. ನೋಡಿದಳು. ಮತ್ತೊಮ್ಮೆ ನೋಡಿದಳು.

"ನಿನ್ನ ಸರ್ವಿಸ್ ತಾರೀಖೂ ದಾಟಿದೆ."

"ನಂಗೆ ಯಾರು ಹೇಳಿದ್ರು?"

"ಮೆಸೇಜ್ ಕಳಿಸಿದೀವಿ. ಫೋನ್ ಮಾಡಿದೀವಿ. ಎತ್ತಲೇ ಇಲ್ಲ."

ಇದ್ದ ನಂಬರ್ ಗುರುಮೂರ್ತಿಯದು. ಶುಂಠಿ ಶೆಡ್ಡಿನಲ್ಲಿ ಅವನ ಫೋನಿಗೆ ರೇಂಜ್ ಬರಬೇಕಾದರೆ ಕಾವಲಿನ ಅಟ್ಟಣೆ ಹತ್ತಬೇಕು.

"ಓಡಿಸೋಳು ನೀನು, ನಂಬರ್ ಮಾತ್ರ ಅವರದು?" ಅಂದಳು ಶೀಜ.

"ಮನೆ ಗಂಡಸರ ನಂಬರ್ ಕೊಡಿ ಅಂತ ಕೇಳಿದ್ದು ನಿಮ್ಮೋರೇ ಕಣೆ. ನಾನು ಕಾರಿನ ಕೀ ಹಿಡ್ಕೊಂಡು ಎದುರಿಗೇ ನಿಂತಿದ್ದೆ."

ಶೀಜ ಹಳೆಯ ನಂಬರ್ ಅಳಿಸಿ ಕುಸುಮಾಳ ನಂಬರ್ ಬರೆದುಕೊಂಡಳು. ವಾರಂಟಿ ಹಳೆಯ ಮಾಲೀಕನ ಹೆಸರಿನಿಂದ ಇವರ ಹೆಸರಿಗೆ ಬದಲಾಗಿದೆಯಾ ಎಂದೂ ನೋಡಿದಳು. ಅದೊಂದು ಸರಿಯಾಗಿತ್ತು.

"ನಿಮ್ಮ ವಾರಂಟಿಲಿ ತಾರೀಖು ದಾಟಿದ ಮೇಲೂ ಸ್ವಲ್ಪ ಬಿಡುವು ಕೊಟ್ಟವ್ರೆ. ಎಲ್ಲ ಕಂಪನಿಯೋರೂ ಕೊಡಲ್ಲ. ಅದು ಈ ಶನಿವಾರಕ್ಕೆ ಮುಗೀತದೆ. ಅಷ್ಟರೊಳಗೆ ತಂದ್ರೆ ಬದುಕಿದೆ. ಇಲ್ಲಾಂದ್ರೆ ನಿನ್ನ ಕಾರೂ ಭಾಸ್ಕರೇಟ್ಟನ್ ಕಾರೂ ಒಂದೇ."

ಕುಸುಮಾ ಬೆರಳು ಮಡಿಸಿ ದಿನ ಎಣಿಸಿದಳು. "ಆಯುಧ ಪೂಜೆ ಇನ್ನೂ ಮುಂದಿನ ವಾರ ಅಲ್ವಾ?"

ಅವರ ಮನೆಯ ರೂಢಿ ಹಾಗಿತ್ತು. ಹೊಳೆಯ ಆಚೆಯಿಂದ ಬಂದು ಇಲ್ಲಿ ನೆಲೆ ನಿಂತ ಅಜ್ಜನ ಕಾಲದಿಂದ, ಕುಲದ ಕಬ್ಬಿಣವೆಲ್ಲ ಆಯುಧ ಪೂಜೆಗೆ ಹಿರಿಯ ಮಗನ ಕೈಗೆ ಬರಬೇಕು. ಕತ್ತಿ, ಕುಡುಗೋಲು, ಗುದ್ದಲಿ, ಆಮೇಲೆ ಟಿಲ್ಲರ್, ಪಂಪ್‌ಸೆಟ್ಟು, ಜೀಪು. ಗಂಡನ ಅಣ್ಣ ಜಗದೀಶ ಎಲ್ಲದರ ಹಳೆ ಎಣ್ಣೆ ಇಳಿಸಿ, ಹೊಸ ಎಣ್ಣೆ ಹೊಯ್ದು, ಕುಂಕುಮ ಇಡುತ್ತಿದ್ದ. ಕೂಲಿ ಅಂತ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ನೆರೆಹೊರೆಯವರೂ ತರುತ್ತಿದ್ದರು. ವರ್ಷಕ್ಕೆ ಒಂದು ಪೂಜೆ, ಒಂದು ಎಣ್ಣೆ. ನಡುವೆ ಯಾರೂ ಬಾನೆಟ್ ಎತ್ತುತ್ತಿರಲಿಲ್ಲ.

"ಟಿಲ್ಲರಿಗೆ ಅದು ನಡೀಬಹುದು. ನೀನು ವಾರಕ್ಕೆರಡು ಸಲ ಬತ್ತೇರಿಗೆ ಬತ್ತೀಯ," ಅಂದಳು ಶೀಜ. "ಇಷ್ಟು ತಿಂಗಳು ಅಂತ ಒಂದು ಲೆಕ್ಕ, ಇಷ್ಟು ಕಿಲೋಮೀಟರ್ ಅಂತ ಇನ್ನೊಂದು. ಯಾವುದು ಮೊದಲು ಮುಗೀತದೋ ಆಗ ತರಬೇಕು. ಶುಕ್ರವಾರ ಬಾ. ಮಾವನ್ನ ಅಲ್ಲಿ ಬಿಟ್ಟು ಕಾರನ್ನ ಇಲ್ಲಿ ಬಿಡು. ಇಬ್ಬರೂ ಒಟ್ಟಿಗೆ ತಯಾರಾಗ್ತಾರೆ."

ಸಂಜೆ ಜಗದೀಶ ಅಪ್ಪನನ್ನು ನೋಡಲು ಬಂದಾಗ ಕುಸುಮಾ ವಿಷಯ ಹೇಳಿದಳು. ಅವನು ಕಾಪಿಯ ಲೋಟ ಕೆಳಗಿಟ್ಟ.

"ನನ್ನ ತಮ್ಮನ ಕಾರಿಗೆ ಷೋರೂಮಿನೋನು ಎಣ್ಣೆ ಹಾಕೋದಾ? ನಾನೇನು ಸತ್ತೋಗಿದೀನಾ? ಒಡಹುಟ್ಟಿದೋನ ಗಾಡಿನೇ ಬೇರೆ ಕಡೆ ಹೋದ್ರೆ ನನ್ನ ವರ್ಕ್‌ಶಾಪಿಗೆ ಯಾರವ್ವ ಬತ್ತಾರೆ? ಹಂಗೇನಾದ್ರೂ ತಗೊಂಡೋದ್ರೆ ಆ ಕಾರನ್ನ ಪೂಜೆಗೆ ನನ್ನ ಬಾಗ್ಲಿಗೆ ತರಬೇಡ."

ಮದುವೆಯಾಗಿ ಬಂದಾಗಿನಿಂದ ಕುಸುಮಾ ಭಾವನ ಎದುರು ದನಿ ಎತ್ತಿದವಳಲ್ಲ. ಅವತ್ತು ಎತ್ತಿದಳು.

"ಭಾಸ್ಕರಣ್ಣನ ಎಂಜಿನ್‌ಗೆ ಹೋದ ಪೂಜೇಲಿ ಎಣ್ಣೆ ಹಾಕಿದ್ದೂ ನೀವೇ ಭಾವ."

ಅತ್ತೆ ಸರೋಜಮ್ಮ ಅಡಿಗೆಮನೆಯ ಬಾಗಿಲಿಗೆ ಬಂದರು. "ಏನೇ ಕುಸುಮಾ, ಹಿರೀಕರ ಮುಂದೆ ಆಡೋ ಮಾತಾ ಇದು?"

"ನನ್ನ ಕೈಕೆಲಸ ಸರಿ ಇಲ್ಲ ಅಂತೀಯಾ?" ಅಂದ ಜಗದೀಶ.

"ನಿಮ್ಮ ಕೆಲಸಕ್ಕೆ ಯಾರೂ ಹೆಸರಿಡಲ್ಲ ಭಾವ. ನೀವು ಎಷ್ಟು ಚೆನ್ನಾಗಿ ಮಾಡಿದ್ರೂ ಅವರು ಒಪ್ಪಲ್ಲ ಅಂತೀನಿ. ನ್ಯಾಯವೋ ಅನ್ಯಾಯವೋ, ಕಾಗದದಲ್ಲಿ ಹಂಗೆ ಬರೆದದೆ. ಅದನ್ನ ಓದಿ ಹೇಳೋರು ಇರಲಿಲ್ಲ, ಕೇಳೋ ಬುದ್ಧಿ ನಮಗೂ ಬರಲಿಲ್ಲ. ಈಗ ಗೊತ್ತಾಯ್ತು. ಗೊತ್ತಾದ ಮೇಲೂ ನಿಮ್ಮ ಮರ್ಯಾದೆಗೆ ಅಂತ ಸುಮ್ಮನೆ ಕೂತು, ಶನಿವಾರ ದಾಟಿ, ನಾಳೆ ಕಾಡಿನ ನಡುವೆ ಈ ಕಾರು ನಿಂತ್ರೆ, ಮಾವನ್ನ ಹೊತ್ಕೊಂಡು ನಡೆಯೋರು ಯಾರು? ಮರ್ಯಾದೆ ಹೊತ್ಕೊಂಡು ಹೋಗ್ತದಾ?"

ಮಂಚದ ಮೇಲಿಂದ ನಿಂಗಯ್ಯನವರು ಕೆಮ್ಮಿದರು. ಡಯಾಲಿಸಿಸ್ ದಿನ ಅವರಿಗೆ ಮಾತು ಕಮ್ಮಿ. ಆದರೂ ಎದ್ದು ಕೂತರು.

"ಜಗ್ಗಾ, ನನ್ನ ರಕ್ತ ಯಾವತ್ತು ತೊಳೀತಾರೆ?"

"ಮಂಗಳವಾರ, ಶುಕ್ರವಾರ. ಯಾಕಪ್ಪ?"

"ಆಸ್ಪತ್ರೇಲೇ ಯಾಕೆ? ನಿನ್ನ ವರ್ಕ್‌ಶಾಪಲ್ಲಿ ಪೈಪಿಲ್ವಾ?"

ಸರೋಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಿಂಗಯ್ಯ ನಗಲಿಲ್ಲ.

"ನಾನೂ ಹಳೇ ಗಾಡಿನೇ ಕಣಪ್ಪ. ಹೇಳಿದ ದಿನ, ಹೇಳಿದ ಜಾಗಕ್ಕೆ ಹೋಯ್ತೀನಿ, ಅದಕ್ಕೇ ಇನ್ನೂ ಓಡ್ತಾ ಇವ್ನಿ. ನಾನೂ ಆಯುಧ ಪೂಜೆ ದಿನ ಒಂದೇ ಸಲ ತೊಳಿಸ್ಕೊತೀನಿ ಅಂದ್ರೆ, ಅವತ್ತು ನೀನು ಕುಂಕುಮ ಇಡೋದು ನನ್ನ ಪಟಕ್ಕೆ."

ಜಗದೀಶ ಎದ್ದು ಹೋದ. ಲೋಟದ ಕಾಪಿ ಹಾಗೇ ಆರಿತು.

ಶುಕ್ರವಾರ ಕುಸುಮಾ ಹೇಳಿದ ಹಾಗೆ ಮಾಡಿದಳು. ಮಾವನಿಗೆ ಸೂಜಿ ಚುಚ್ಚುವ ಹೊತ್ತಿಗೆ ಕಾರಿನ ಹಳೆ ಎಣ್ಣೆ ಇಳಿಯುತ್ತಿತ್ತು. ಡಾಂಬರಿನ ಹಾಗೆ ಕಪ್ಪಗೆ, ಗಟ್ಟಿ. ಶೀಜ ಸರ್ವಿಸನ್ನು ಕಂಪ್ಯೂಟರಿಗೆ ಏರಿಸಿ ಬಿಲ್ಲು ಕೊಟ್ಟಳು. ಟಯರು, ಬ್ರೇಕು, ವೈಪರಿನಂಥ ಸವೆಯುವ ಸಾಮಾನು ವಾರಂಟಿಗೆ ಬರುವುದಿಲ್ಲ ಎಂದೂ ಬಿಡಿಸಿ ಹೇಳಿದಳು.

ಆಯುಧ ಪೂಜೆ ಬಂತು. ಬಾಗಿಲಿಗೆ ತರಬೇಡ ಎಂದಿದ್ದರೂ ಕುಸುಮಾ ಕಾರು ತೊಳೆದು ತಂದಳು. ಬಯ್ದರೆ ಬಯ್ಯಲಿ ಎಂದು ಹಲ್ಲು ಕಚ್ಚಿ ನಿಂತಳು. ಜಗದೀಶ ಕಾರಿನ ಹತ್ತಿರ ಬಂದ. ಬಾನೆಟ್ ಎತ್ತಿದ. ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯ ಹನಿಯನ್ನು ಎರಡು ಬೆರಳಲ್ಲಿ ಉಜ್ಜಿ, ಮೂಸಿದ.

"ಎಣ್ಣೆ ಒಳ್ಳೇದೇ ಹಾಕವ್ರೆ," ಅಂದ. ಬಾನೆಟ್ಟಿಗೆ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಮೂಲೆಯಲ್ಲಿ ಟಾರ್ಪಾಲು ಹೊದ್ದು ಭಾಸ್ಕರನ್ ಅವರ ಕಾರು ನಿಂತಿತ್ತು, ಎಂಜಿನ್ ಬಿಚ್ಚಿ ಹರಡಿಕೊಂಡು. ಜಗದೀಶ ಅದಕ್ಕೂ ಕುಂಕುಮ ಇಟ್ಟ.

ಮಾರ್ಗಶಿರದ ಚಳಿಯಲ್ಲಿ ಒಂದು ಮಂಗಳವಾರ, ದಾರಿಯಲ್ಲಿ ಸಿಗುವ ಇರುಳಂ ಊರು ದಾಟಿದ ಮೇಲೆ, ಕಾರಿನ ಗೇರು ಬೀಳಲೇ ಇಲ್ಲ. ಕುಸುಮಾ ಷೋರೂಮಿಗೆ ಫೋನ್ ಮಾಡಿದಳು. ಹಿಂದೆ ಬಂದ ಜೀಪಿನಲ್ಲಿ ಮಾವ ಆಸ್ಪತ್ರೆ ಸೇರಿದರು, ಷೋರೂಮಿನ ಗಾಡಿ ಬಂದು ಕಾರನ್ನು ಎಳೆದುಕೊಂಡು ಹೋಯಿತು. ಗೇರುಪೆಟ್ಟಿಗೆಯ ಕೆಟ್ಟ ಭಾಗವನ್ನು ವಾರಂಟಿಯಲ್ಲೇ ಬದಲಾಯಿಸಿ ಕೊಟ್ಟರು. ಸರ್ವಿಸ್ ಆಗಿತ್ತು, ಬಿಲ್ಲಿತ್ತು. ಇಲ್ಲ ಅನ್ನಲು ಅವರಿಗೆ ಬಾಯಿ ಇರಲಿಲ್ಲ. ಮುಂದಿನ ಶುಕ್ರವಾರ ಮಾವ ತಮ್ಮ ಜಾಗದಲ್ಲೇ ಕೂತು ಬತ್ತೇರಿಗೆ ಹೋದರು.

ಈಗ ಜಗದೀಶನ ವರ್ಕ್‌ಶಾಪಿಗೆ ಯಾವ ಕಾರು ಬಂದರೂ ಅವನು ಮೊದಲು ಕೇಳುವುದು ಒಂದೇ ಮಾತು. "ವಾರಂಟಿ ಅದೆಯಾ? ಇದ್ರೆ ಇಲ್ಲಿ ಬಾನೆಟ್ ಎತ್ತಬೇಡ. ಕಂಪನಿಗೆ ಹೋಗು. ಅದು ಮುಗಿದ ಮೇಲೆ ಬಾ. ನಾನೆಲ್ಲೂ ಓಡಿಹೋಗಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಕಾರು ಕೊಂಡಿದ್ದೀರಾ? ಹಾಗಾದರೆ ಇವತ್ತೇ ವಾರಂಟಿಯ ಕಾಗದ ತೆಗೆಯಿರಿ. ಓದಲು ಬಾರದಿದ್ದರೆ ನಾಚಬೇಡಿ, ಕೌಂಟರಿನಲ್ಲಿ ಕೂತು ನಿಮ್ಮ ಭಾಷೆಯಲ್ಲಿ ಹೇಳಿಸಿಕೊಳ್ಳಿ. ಅದು ನಿಮ್ಮ ಹೆಸರಿಗೆ ಬದಲಾಗಿದೆಯಾ ಕೇಳಿ. ಗಾಡಿ ಓಡಿಸುವವರ ಫೋನ್ ನಂಬರನ್ನೇ ಕೊಡಿ. ಯಾವ ತಾರೀಖಿಗೆ, ಎಷ್ಟು ಕಿಲೋಮೀಟರಿಗೆ ಸರ್ವಿಸ್ ಎಂದು ತಿಳಿದು, ಅದಕ್ಕೆ ಮುಂಚೆಯೇ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಬಿಡುವಿನ ದಿನಗಳನ್ನು ನಂಬಿ ಕೂರಬೇಡಿ. ಬಿಲ್ಲನ್ನು ರೇಷನ್ ಕಾರ್ಡಿನ ಜೊತೆ ಇಡಿ. ಅಷ್ಟು ಮಾಡಿಯೂ ಅವರು ಇಲ್ಲ ಅಂದರೆ ಸುಮ್ಮನೆ ಬರಬೇಡಿ, ಬರೆದು ಕೊಡಿ ಅನ್ನಿ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ. ಕೋಪ ಬರಲಿ, ಬರಲೇಬೇಕು. ಆದರೆ ಎಂಜಿನ್ ಕಲ್ಲಾದ ಮೇಲೆ ಬರುವ ಕೋಪದಿಂದ ಗಾಡಿ ಓಡುವುದಿಲ್ಲ.

ಪೂಜೆಗೆ ಪಂಚಾಂಗ ನೋಡಿ. ಎಣ್ಣೆಗೆ ವಾರಂಟಿಯ ತಾರೀಖು ನೋಡಿ.